ಇಬ್ಬರು ಕುದುರೆ ಸವಾರರಿರುವ ರೋಮನ್ ಬೆಳ್ಳಿ ನಾಣ್ಯ
ನಿಮ್ಮ ಬಳಿಯ ರೋಮನ್ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಇಬ್ಬರು ಕುದುರೆ ಸವಾರರು, ಇನ್ನೊಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ತಲೆ ಇದೆ; ಸವಾರರು ರಾಜ ಮತ್ತು ರಾಜಕುಮಾರ ಇರಬಹುದೇ ಎಂದು ಕೇಳಿದ್ದೀರಿ. ಆ ಸವಾರರು ಬಹುಶಃ ರೋಮನ್ನರ ಅವಳಿ ದೇವತೆಗಳಾದ ಕ್ಯಾಸ್ಟರ್ ಮತ್ತು ಪೊಲಕ್ಸ್ (ನಮ್ಮ ಅಶ್ವಿನೀ ದೇವತೆಗಳನ್ನು ನೆನಪಿಸುವ ಜೋಡಿ); ಹಾಗಿದ್ದರೆ ಇನ್ನೊಂದು ಬದಿಯ ತಲೆ ರೋಮ್ ನಗರದ ಅಧಿದೇವತೆಯಾದ ರೋಮಾ ದೇವಿಯದು, ನಾಣ್ಯವು ಕ್ರಿ.ಪೂ. 211ರ ಸುಮಾರಿಗೆ ಆರಂಭವಾದ ‘ಡಿನೇರಿಯಸ್’ ಎಂಬ ರೋಮನ್ ಬೆಳ್ಳಿ ನಾಣ್ಯ. ಮೊದಲು ಭೂತಗನ್ನಡಿಯಲ್ಲಿ ಸವಾರರ ತಲೆಗಳ ಮೇಲೆ ನಕ್ಷತ್ರಗಳಿವೆಯೇ ನೋಡಿ; ಅವು ಈ ಅವಳಿಗಳ ಗುರುತು. ಅನಂತರ ದೇವಿಯ ತಲೆಯ ಹಿಂದೆ ಗುಣಾಕಾರ ಚಿಹ್ನೆಯಂಥ ಗುರುತನ್ನು ಹುಡುಕಿ. ಅದು ರೋಮನ್ ಅಂಕಿ ಹತ್ತು, ಅಂದರೆ ನಾಣ್ಯದ ಬೆಲೆ ‘ಆಸ್’ ಎಂಬ ಹತ್ತು ಕಂಚಿನ ನಾಣ್ಯಗಳು. ಬಳಿಕ ತೂಕ ಮಾಡಿ: ಆರಂಭದವು ಸುಮಾರು 4.5 ಗ್ರಾಂ, ನಂತರದವು 4 ಗ್ರಾಂ ಆಸುಪಾಸು. ಅಂಚಿನಲ್ಲಿ ತಾಮ್ರ ಇಣುಕಿದರೆ, ಬೆಳ್ಳಿ ಹೊದಿಸಿದ ಆ ಕಾಲದ್ದೇ ಖೋಟಾ ನಾಣ್ಯವಿರಬಹುದು. ಅಸಲಿಯೇ ಎಂಬುದನ್ನು ಬರೀ ಚಿತ್ರದಿಂದ ನಿರ್ಧರಿಸಲಾಗದು. ಹುಣಸೆಹಣ್ಣಿನಿಂದ ಉಜ್ಜದೆ, ಇದ್ದಂತೆಯೇ ನಾಣ್ಯತಜ್ಞರಿಗೆ ತೋರಿಸಿ.