ಮೊದಲು ಗುಂಡನ ಕೂದಲು ತೆಗೆಸಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿ ನನಗೆ ಸಿಟ್ಟೇ ಬಂತು. ಬರೆದವರು ಹೆಸರು ಬೇಡ ಎಂದಿದ್ದಾರೆ, ಆಗಲಿ. ವಿಷಯ ಇಷ್ಟು. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗ. ಜೊತೆಗೆ ಗುಂಡ ಅಂತ ನಾಲ್ಕು ವರ್ಷದ ಪೂಡಲ್ ತಳಿಯ ನಾಯಿ, ದೊಡ್ಡ ಗಾತ್ರದ್ದು. ಮಗನಿಗೆ ಗುಂಡ ಅಂದರೆ ಪ್ರಾಣ. ಆದರೆ ಈಚೆಗೆ ಗುಂಡ ಸಿಡುಕನಾಗಿದ್ದಾನಂತೆ. ಬೆನ್ನು ಸವರಿದರೆ ಗುರ್ ಅನ್ನುತ್ತಾನೆ. ಮೊನ್ನೆ ಮಗ ತಬ್ಬಿಕೊಳ್ಳಲು ಹೋದಾಗ ಹಲ್ಲು ತೋರಿಸಿದ. ಹೆಂಡತಿ ಹೆದರಿ, ಯಾರಿಗಾದರೂ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಮಗ ಅಳುತ್ತಿದ್ದಾನೆ. 'ನಾನು ಯಾರ ಮಾತು ಕೇಳಲಿ?' ಅನ್ನೋದು ಇವರ ಪ್ರಶ್ನೆ.

ಸ್ವಾಮಿ, ಪ್ರಶ್ನೆ ಪತ್ರದ ಕೊನೆಯಲ್ಲಿದೆ, ಆದರೆ ಉತ್ತರವನ್ನು ನೀವೇ ಎರಡನೇ ಪುಟದಲ್ಲಿ ಬರೆದು ದಾಟಿಹೋಗಿದ್ದೀರಿ. 'ಮೊದಲೆಲ್ಲ ತಿಂಗಳಿಗೊಮ್ಮೆ ಕಟಿಂಗ್ ಮಾಡಿಸುತ್ತಿದ್ದೆ. ಗಂಡು ನಾಯೀನ ಬ್ಯೂಟಿ ಪಾರ್ಲರ್‌ಗೆ ಕರ್ಕೊಂಡು ಹೋಗ್ತೀಯಾ ಅಂತ ನನ್ನ ಷಡ್ಡಕ ಎಲ್ಲರೆದುರು ನಕ್ಕ ಮೇಲೆ ಬಿಟ್ಟೆ. ನಾಲ್ಕು ತಿಂಗಳಾಯಿತು, ಅದಿರಲಿ.'

ಅದಿರಲಿ ಅಂದರೆ ಹೇಗಿರಲಿ? ಇಡೀ ಪತ್ರದಲ್ಲಿ ಮುಖ್ಯವಾದ ಮಾತು ಅದೊಂದೇ.

ಪೂಡಲ್ ಮನೆಯಲ್ಲೆಲ್ಲ ಕೂದಲು ಉದುರಿಸಲ್ಲ ಅಂತ ಖುಷಿಪಟ್ಟು ತಂದಿರುತ್ತೀರಿ, ಅಲ್ವಾ? ಅದರ ಇನ್ನೊಂದು ಮುಖ ಇದು. ಅದರ ಕೂದಲು ಗುಂಗುರು, ಒಂದೇ ಪದರ, ಕತ್ತರಿಸದಿದ್ದರೆ ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲು ನೆಲಕ್ಕೆ ಬೀಳೋದಿಲ್ಲ, ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತದೆ. ಬಾಚಿ ತೆಗೆಯದಿದ್ದರೆ ಬುಡದಲ್ಲೇ ಜಡೆಗಟ್ಟುತ್ತದೆ. ಮೇಲಿನಿಂದ ನೋಡಿದರೆ ಮೆತ್ತಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಚರ್ಮಕ್ಕೆ ಅಂಟಿದ ದಪ್ಪ ಗಂಟುಗಳು. ಅವು ಪ್ರತಿ ಹೆಜ್ಜೆಗೂ ಚರ್ಮವನ್ನು ಎಳೆಯುತ್ತವೆ. ಬಿಗಿಯಾಗಿ ಜಡೆ ಹಾಕಿ, ತಿಂಗಳುಗಟ್ಟಲೆ ಬಿಚ್ಚದೆ, ಅದರ ಮೇಲೇ ಮಲಗಿದ ಹಾಗೆ ಅಂದುಕೊಳ್ಳಿ. ಅಲ್ಲಿ ಯಾರಾದರೂ ಪ್ರೀತಿಯಿಂದ ಕೈ ಹಾಕಿದರೂ ನೀವು ಕಿರುಚುತ್ತೀರಿ. ಗುಂಡನಿಗೆ ಮಾತು ಬರಲ್ಲ, ಗುರ್ ಅಂದ.

'ವಯಸ್ಸಾಯಿತೇನೋ' ಅಂತಲೂ ಬರೆದಿದ್ದೀರಿ. ನಾಲ್ಕು ವರ್ಷಕ್ಕಾ? ದೊಡ್ಡ ಪೂಡಲ್‌ಗಳು ಸಾಮಾನ್ಯವಾಗಿ ಹನ್ನೆರಡರ ಹತ್ತಿರ ಬದುಕುತ್ತವೆ, ಸಣ್ಣವು ಇನ್ನೂ ಜಾಸ್ತಿ.

ನನ್ನನ್ನು ಹೆಚ್ಚು ಕಾಡಿದ ಸಾಲು ಬೇರೆ. ಮೊದಲೆಲ್ಲ ಮನೆಗೆ ಯಾರಾದರೂ ಬಂದರೆ ಗುಂಡ ಒಳಗಿಂದ ಮಗನ ಒಂದು ಕಾಲುಚೀಲ ಕಚ್ಚಿಕೊಂಡು ಬಂದು, ಎಲ್ಲರೆದುರು ಮೆರವಣಿಗೆ ಮಾಡಿ, ನಗುವವರೆಗೂ ಬಿಡುತ್ತಿರಲಿಲ್ಲ. ನಗದಿದ್ದರೆ ಇನ್ನೊಂದು ಕಾಲುಚೀಲ ತರುತ್ತಿದ್ದ. ಪೂಡಲ್ ಸಾಕಿದವರು ಇದನ್ನು ಓದಿದರೆ ಕೂಡಲೇ ಗುರುತು ಹಿಡಿಯುತ್ತಾರೆ. ಈ ನಾಯಿಗೆ ನಮ್ಮನ್ನು ನಗಿಸುವ ಹುಚ್ಚು. ಹಿಂದೆ ಸರ್ಕಸ್‌ಗಳಲ್ಲಿ ಇವುಗಳನ್ನು ಆಡಿಸುತ್ತಿದ್ದದ್ದು ಸುಮ್ನೆ ಅಲ್ಲ. 1994ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರನ್, ನಾವು ಹೇಳಿದ್ದನ್ನು ಕಲಿತು ಮಾಡುವುದರಲ್ಲಿ ಯಾವ ತಳಿ ಮುಂದು ಅಂತ ಪಟ್ಟಿ ಮಾಡಿದಾಗ ಬಾರ್ಡರ್ ಕಾಲಿ ಮೊದಲು, ಪೂಡಲ್ ಎರಡನೆಯದು. ಆದರೆ ಆ ಪಟ್ಟಿಯಲ್ಲಿ ಇಲ್ಲದ ಗುಣವೇ ನನಗೆ ದೊಡ್ಡದು. ಪೂಡಲ್ ಮುಖ ನೋಡುತ್ತದೆ. ಬೇಟೆಗಾರ ಹೊಡೆದ ಬಾತುಕೋಳಿಯನ್ನು ನೀರಿನಿಂದ ಎತ್ತಿ ತರುವುದು ಇದರ ಹಳೆಯ ಕೆಲಸ, ಅದಕ್ಕೆ ಮನುಷ್ಯನ ಕೈ, ಕಣ್ಣು, ದನಿ ಎಲ್ಲವನ್ನೂ ಗಮನಿಸುತ್ತಲೇ ಇರಬೇಕಿತ್ತು. ಈಗ ಬಾತುಕೋಳಿ ಇಲ್ಲ, ಮನೆಮಂದಿ ಇದ್ದಾರೆ. ನಿಮ್ಮಿಬ್ಬರ ದನಿ ಏರಿದರೆ ಮಂಚದ ಕೆಳಗೆ ಸೇರುತ್ತಾನೆ, ಬೈದರೆ ಗೋಡೆಗೆ ಮುಖ ಮಾಡಿ ಕೂರುತ್ತಾನೆ, ಬಚ್ಚಲಿಗೂ ಹಿಂದೆ ಬರುತ್ತಾನೆ ಅಂತ ಬರೆದು ನೀವು ಅದನ್ನು 'ನಾಟಕ' ಅಂದಿದ್ದೀರಿ. ನಾಟಕವಲ್ಲ, ಸ್ವಾಮಿ. ಅಷ್ಟು ಸೂಕ್ಷ್ಮ ಅದು. ಒಂಟಿಯಾಗಿ ಬಹಳ ಹೊತ್ತು ಬಿಟ್ಟರೆ ಕೊರಗುವ, ಕೆಲಸ ಕೊಡದಿದ್ದರೆ ತಾನೇ ಏನಾದರೂ ಕಿತಾಪತಿ ಹುಡುಕಿಕೊಳ್ಳುವ ಜೀವ. ಬುದ್ಧಿ ಇರುವವರನ್ನು ಸುಮ್ಮನೆ ಕೂರಿಸಬಾರದು, ಮನುಷ್ಯರ ವಿಷಯದಲ್ಲೂ ನಾನು ಇದನ್ನೇ ಹೇಳೋದು.

ಅಂಥವನು ಕಾಲುಚೀಲದ ಆಟ ನಿಲ್ಲಿಸಿದ್ದಾನೆ. ನಿಮಗೆ ಕಂಡಿದ್ದು ಹಲ್ಲು ಮಾತ್ರ.

ಗುರ್ ಅಂದಾಗ ಗದರಿಸಿದೆ ಅಂತಲೂ ಬರೆದಿದ್ದೀರಿ. ಅದನ್ನು ಇವತ್ತೇ ನಿಲ್ಲಿಸಿ. ಗುರ್ ಅನ್ನೋದು 'ಮುಟ್ಟಬೇಡಿ, ನೋಯ್ತದೆ' ಅನ್ನುವ ಎಚ್ಚರಿಕೆ. ಅದನ್ನು ಹೆದರಿಸಿ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆ ಇಲ್ಲದೆ ಕಚ್ಚಬಹುದು. ನಿಮ್ಮ ಹೆಂಡತಿ ಹೆದರಿದ್ದರಲ್ಲಿ ತಪ್ಪೇನಿಲ್ಲ. ಆ ಮನೆಯಲ್ಲಿ ನಾಯಿಯಲ್ಲಿ ಏನೋ ಬದಲಾಗಿದೆ ಅಂತ ಗಂಭೀರವಾಗಿ ತೆಗೆದುಕೊಂಡವರು ಅವರೊಬ್ಬರೇ.

ಇನ್ನು ಷಡ್ಡಕರ ವಿಷಯ. ನೆಂಟರ ನಗುವಿಗೆ ಹೆದರಿ ಮನೆಯ ಕ್ರಮ ಬದಲಿಸಬೇಡಿ ಅಂತ ಬರೆದು ಬರೆದು ನನಗೆ ಸಾಕಾಗಿದೆ. ಮಗಳ ಈಜು ಕ್ಲಾಸ್ ಬಿಡಿಸಿದವರಿಗೂ ಹೇಳಿದ್ದೆ, ಹೊಲಿಗೆ ಕಲಿಯಲು ನಾಚಿದ ಗಂಡಸಿಗೂ ಹೇಳಿದ್ದೆ. ಒಂದು ಗಂಟೆ ಇದ್ದು, ಕಾಫಿ ಕುಡಿದು, ಒಂದು ಜೋಕ್ ಹೊಡೆದು ಹೋದ ಮನುಷ್ಯ. ಅದರ ನೋವು ನಾಲ್ಕು ತಿಂಗಳು ನಾಯಿಯ ಬೆನ್ನ ಮೇಲೆ. ಪೂಡಲ್‌ನ ಆ 'ಫ್ಯಾಷನ್' ಕಟಿಂಗ್ ಇದೆಯಲ್ಲ, ಹಿಂಭಾಗ ಬೋಳು, ಎದೆ ಮತ್ತು ಕೀಲುಗಳ ಮೇಲೆ ಮಾತ್ರ ಕೂದಲು, ಅದನ್ನು ಶುರು ಮಾಡಿದ್ದೂ ಬೇಟೆಗಾರರೇ. ಈಜಲು ಹಗುರವಾಗಲಿ, ಎದೆಗೂ ಕೀಲಿಗೂ ಚಳಿ ತಾಗದಿರಲಿ ಅಂತ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ನಡೆಸಿದ ಚರ್ಚಿಲ್ ಸಾಕಿದ್ದು ರೂಫಸ್ ಅನ್ನುವ ಪೂಡಲ್. ಅದು 1947ರಲ್ಲಿ ಸತ್ತಾಗ ಮತ್ತೊಂದು ಪೂಡಲ್ ತಂದು ಅದಕ್ಕೂ ರೂಫಸ್ ಅಂತಲೇ ಹೆಸರಿಟ್ಟರು. ಅವರಿಗೆ ಯಾರಾದರೂ ಬ್ಯೂಟಿ ಪಾರ್ಲರ್ ಜೋಕ್ ಹೇಳಿದ್ದರೋ ಏನೋ, ನಾಯಿಯನ್ನಂತೂ ಬಿಡಲಿಲ್ಲ.

ಇನ್ನೊಂದು ಕಥೆ ನಿಮಗೂ ಷಡ್ಡಕರಿಗೂ ಒಟ್ಟಿಗೇ ಆಗುತ್ತದೆ. ಅಲಾಸ್ಕಾದಲ್ಲಿ ಇಡಿಟರಾಡ್ ಅಂತ ಹಿಮದ ಮೇಲೆ ನಾಯಿಗಳು ಜಾರುಬಂಡಿ ಎಳೆಯುವ ಓಟವಿದೆ, ಸುಮಾರು 1,600 ಕಿಲೋಮೀಟರ್. ಜಾನ್ ಸೂಟರ್ ಅನ್ನುವವರು 1988ರಿಂದ ನಾಲ್ಕು ವರ್ಷ ಅದಕ್ಕೆ ಪೂಡಲ್‌ಗಳನ್ನು ಕಟ್ಟಿಕೊಂಡು ಹೋದರು. ಷಡ್ಡಕರು ನೋಡಿ ನಕ್ಕ ತಳಿಯೇ ಎಳೆಯಿತು, ಓಡಿತು. ಕೈಕೊಟ್ಟದ್ದು ಕೂದಲು. ಅದರಲ್ಲಿ ಮಂಜು ಗಟ್ಟಿಯಾಗಿ ಗಂಟುಗಂಟಾಯಿತು, ಕೆಲವು ನಾಯಿಗಳನ್ನು ದಾರಿಯಲ್ಲೇ ಬಿಡಬೇಕಾಯಿತು. ಆಮೇಲೆ ಚಳಿಪ್ರದೇಶದ ತಳಿಗಳಿಗೆ ಮಾತ್ರ ಅವಕಾಶ ಅಂತ ನಿಯಮವೇ ಬಂತು. ಪೂಡಲ್‌ನ ಧೈರ್ಯಕ್ಕೆ ಕೊರತೆಯಿಲ್ಲ. ಅದರ ಕೂದಲು ಮಾತ್ರ ಮನುಷ್ಯನ ಕೈಯಲ್ಲಿದೆ.

ನನ್ನ ಸಲಹೆ ಒಂದೇ. ಗುಂಡನನ್ನು ಕೊಡುವ ಮಾತನ್ನು ಬದಿಗಿಟ್ಟು, ನಾಳೆಯೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಮೈಕೂದಲನ್ನೆಲ್ಲ ಮಷೀನ್‌ನಲ್ಲಿ ಗಿಡ್ಡಕ್ಕೆ ತೆಗೆಸಿ. ಚೆಂದದ ಆಸೆ ಈಗ ಬೇಡ. ಮನೆಯಲ್ಲಿ ಕತ್ತರಿ ಹಿಡಿಯಬೇಡಿ, ಗಂಟಿನ ಜೊತೆ ಚರ್ಮವೂ ಮೇಲೆದ್ದಿರುತ್ತದೆ, ಕತ್ತರಿಸಿಬಿಡುತ್ತೀರಿ. ಸ್ನಾನವನ್ನೂ ಮಾಡಿಸಬೇಡಿ, ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಕಿವಿಯನ್ನೂ ನೋಡಲು ಹೇಳಿ, ಇವುಗಳ ಕಿವಿಯೊಳಗೂ ಕೂದಲು ಬೆಳೆಯುತ್ತದೆ, ಸೋಂಕು ಬೇಗ ಆಗುತ್ತದೆ. ಅಲ್ಲಿಯವರೆಗೆ ಮಗ ತಬ್ಬಿಕೊಳ್ಳೋದು ಬೇಡ. ಆಮೇಲೂ ಗುರ್ ಅಂದರೆ ಬೇರೆ ಕಾರಣ ಹುಡುಕೋಣ, ಮತ್ತೆ ಬರೆಯಿರಿ.

ಹೋಗುವಾಗ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಆ ಗಂಟುಗಳ ಕೆಳಗೆ ಚರ್ಮ ಹೇಗಾಗಿದೆ ಅಂತ ಅವರೂ ಕಣ್ಣಾರೆ ನೋಡಲಿ, ನಾಯಿ ಇರಬೇಕೋ ಬೇಡವೋ ಅನ್ನೋದನ್ನು ಆಮೇಲೆ ಇಬ್ಬರೂ ಕೂತು ಮಾತಾಡಿ. ಷಡ್ಡಕರಿಗೆ ಫೋನ್ ಮಾಡಬೇಡಿ.