ಹಾಲು ಮುಟ್ಟುವಂತಿಲ್ಲದ ಮಗಳಿಗೆ ಮನೆಯಲ್ಲೇ ಹಣ್ಣಿನ ಐಸ್‌ಕ್ರೀಂ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 6 ವರ್ಷ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ನಿಲ್ಲಿಸಿದ್ದೇವೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದಾಗ ಉಳಿದ ಮಕ್ಕಳು ಐಸ್‌ಕ್ರೀಂ ತಿನ್ನುತ್ತಿದ್ದರೆ ಇವಳು ಸುಮ್ನೆ ನೋಡುತ್ತಾ ಕೂರುತ್ತಾಳೆ. ಅಂಗಡಿಯ ‘ಫ್ರೋಜನ್ ಡೆಸರ್ಟ್’ ಕೊಡಬಹುದಾ? ಮನೆಯಲ್ಲೇ ಏನಾದರೂ ಮಾಡಬಹುದಾ? ನಮ್ಮಲ್ಲಿರುವುದು ಮಿಕ್ಸಿ, ಫ್ರಿಜ್ ಅಷ್ಟೇ.
– ಓದುಗರು, ತುಮಕೂರು

ಉತ್ತರ: ಅಂಗಡಿಯದು ಬೇಡ. ‘ಫ್ರೋಜನ್ ಡೆಸರ್ಟ್’ ಅಂದರೆ ಹಾಲಿಲ್ಲದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಬೇರೆ ಎಣ್ಣೆ ಹಾಕಿರುತ್ತಾರೆ, ಅಷ್ಟೇ. ಹಾಲಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ‘ಲ್ಯಾಕ್ಟೋಸ್ ಫ್ರೀ’ ಹಾಲೂ ಇವಳಿಗಲ್ಲ. ಅದರಲ್ಲಿ ಇಲ್ಲದಿರುವುದು ಹಾಲಿನ ಸಕ್ಕರೆ, ಪ್ರೋಟೀನ್ ಹಾಗೇ ಇರುತ್ತದೆ. ಎಮ್ಮೆ, ಮೇಕೆ ಹಾಲಿನ ಪ್ರೋಟೀನ್ ಕೂಡ ಹಸುವಿನದನ್ನೇ ಹೋಲುತ್ತದೆ, ಹಾಗಾಗಿ ಅವೂ ಬೇಡ.

ಮನೆಯಲ್ಲಿ ಖಂಡಿತ ಆಗುತ್ತದೆ. ಬಾಳೆಹಣ್ಣು ಸಾಕು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ, ಚೆನ್ನಾಗಿ ಕಳಿತ ಹಣ್ಣೇ ಆಗಬೇಕು. ಕಳಿಯುತ್ತಾ ಹೋದಂತೆ ಹಣ್ಣಿನ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಜಾಸ್ತಿ ಇದ್ದರೆ ಫ್ರೀಜರ್‌ನಲ್ಲಿಟ್ಟರೂ ಕಲ್ಲಿನಂತೆ ಗಟ್ಟಿಯಾಗುವುದಿಲ್ಲ. ಪಚ್ಚಬಾಳೆಯೂ ಆಗುತ್ತದೆ, ನನಗಂತೂ ಏಲಕ್ಕಿ ಬಾಳೆಯ ರುಚಿಯೇ ಇಷ್ಟ.

ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ತೆಗೆದು ಐದು ನಿಮಿಷ ಹೊರಗಿಟ್ಟು, ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ರವೆಯಂತೆ ಉದುರುದುರಾಗುತ್ತದೆ. ಇಲ್ಲಿಗೇ ಕೆಟ್ಟುಹೋಯಿತು ಅಂತ ನೀರು ಹಾಕಬೇಡಿ! ಜಾರ್‌ನ ಅಂಚಿಗೆ ಅಂಟಿದ್ದನ್ನು ಚಮಚದಿಂದ ಕೆಳಗೆ ತಳ್ಳಿ ಮತ್ತೆ ತಿರುಗಿಸಿ. ಉಂಡೆಗಟ್ಟುತ್ತದೆ, ಆಮೇಲೆ ನೋಡನೋಡುತ್ತಲೇ ನುಣ್ಣಗೆ, ಬೆಣ್ಣೆ ಹಾಗೆ ಆಗಿಬಿಡುತ್ತದೆ. ತಕ್ಷಣ ಬಟ್ಟಲಿಗೆ ಹಾಕಿ ಕೊಡಿ.

ಮಾವಿನ ಕಾಲದಲ್ಲಿ ಬಾದಾಮಿ ಅಥವಾ ಮಲ್ಲಿಕಾ ಹಣ್ಣನ್ನು ಹೀಗೇ ಮಾಡಬಹುದು. ಬರೀ ಮಾವಾದರೆ ಸ್ವಲ್ಪ ಐಸ್ ಐಸ್ ಅನ್ನಿಸುತ್ತದೆ. ಎರಡು ಚಮಚ ಗಟ್ಟಿ ಕಾಯಿಹಾಲು ಸೇರಿಸಿ, ಅದರ ಕೊಬ್ಬಿಗೆ ಮೆತ್ತಗಾಗುತ್ತದೆ. ತೆಂಗಿನಕಾಯಿ ಅವಳಿಗೆ ಒಗ್ಗುತ್ತದೆ ಎಂದು ಗೊತ್ತಿದ್ದರೆ ಮಾತ್ರ. ಕಲ್ಲಂಗಡಿಯಲ್ಲಿ ನೀರೇ ಜಾಸ್ತಿ, ಅದನ್ನು ರುಬ್ಬಿ ನಿಂಬೆರಸ ಹಿಂಡಿ ಐಸ್‌ಕ್ಯಾಂಡಿ ಮಾಡಿ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಮಿಕ್ಸಿ ಜಾರ್‌ನಲ್ಲಿ ಹಿಂದಿನ ದಿನ ಮಜ್ಜಿಗೆ, ಲಸ್ಸಿ ಮಾಡಿರುತ್ತಾರೆ ಅಲ್ವಾ? ಮುಚ್ಚಳದ ರಬ್ಬರ್ ಒಳಗೆ, ಬ್ಲೇಡ್ ಬುಡದಲ್ಲಿ ಅದು ಉಳಿದಿರುತ್ತದೆ. ರಬ್ಬರ್ ಬಿಚ್ಚಿ ಸೋಪು ಹಾಕಿ ತೊಳೆಯಿರಿ. ಸಾಧ್ಯವಾದರೆ ಅವಳಿಗೇ ಒಂದು ಜಾರ್ ಬೇರೆ ಇಡಿ.

ಹಾಲಿನಲ್ಲಿ ಸಿಗುವಷ್ಟು ಕ್ಯಾಲ್ಸಿಯಂ ಈ ಹಣ್ಣುಗಳಲ್ಲಿ ಇಲ್ಲ. ಅದಕ್ಕೆ ರಾಗಿ ಕೊಡಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬೇರೆ ಮಾತ್ರೆ ಬೇಕೇ ಎಂದು ಡಾಕ್ಟರನ್ನೇ ಕೇಳಿ.

ಅಜ್ಜಿ ಮನೆಗೆ ಹೊರಡುವ ಹಿಂದಿನ ದಿನ ಫೋನ್ ಮಾಡಿ, ಎರಡು ಚಿಪ್ಪು ಬಾಳೆಹಣ್ಣು ಹೆಚ್ಚಿ ಫ್ರೀಜರ್‌ಗೆ ಇಡಲು ಹೇಳಿ. ಮರುದಿನ ಇವಳೊಬ್ಬಳಿಗೇ ಅಲ್ಲ, ಎಲ್ಲ ಮಕ್ಕಳಿಗೂ ಅದನ್ನೇ ಬಡಿಸಿ.