‘ಬರೀ ಎರಡೆಕರೆ’ ಅನ್ಬೇಡಿ

ಆಲೂರು ತಾಲ್ಲೂಕಿನ ಓದುಗರೊಬ್ಬರು ಮುತ್ತಾತನ ಹೆಸರು, ಊರು ಎಲ್ಲ ಕೊಟ್ಟು ಕೇಳಿದ್ದಾರೆ: ‘ಲಂಡನ್ನಲ್ಲಿರೋ ಫ್ರೆಂಡು ಅಲ್ಲಿನವರ ಮುತ್ತಜ್ಜಂದಿರ ಹೆಸರು, ವಯಸ್ಸು, ಕಸುಬು 1921ರ ಸೆನ್ಸಸ್‌ನಲ್ಲೇ ಸಿಗುತ್ತೆ ಅಂದ. ನಮ್ಮ ಮುತ್ತಾತಂದೂ ಸಿಗುತ್ತಾ? ಬರೀ ಎರಡೆಕರೆ ರೈತ, ಅಂಥವರ ಬಗ್ಗೆ ಬರೆಯೋಕೆ ಏನಿರುತ್ತೆ?’

ಸೆನ್ಸಸ್‌ನಲ್ಲಿ ಸಿಗಲ್ಲ. ಇಂಗ್ಲೆಂಡಲ್ಲಿ ನೂರು ವರ್ಷ ಆದ್ಮೇಲೆ ಮನೆಮನೆ ಹಾಳೆ ತೆರೀತಾರೆ, 1921ರದ್ದು 2022ರಲ್ಲಿ ಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಅದನ್ನ ಹೊರಗಿನವರು ನೋಡೋ ಹಂಗಿಲ್ಲ. ಜನ ಹೆದರದೆ ನಿಜ ಹೇಳ್ಲಿ ಅಂತ, ಸರಿಯೇ. ಆದ್ರೆ ನಮಗೆ ಉಳಿಯೋದು ತಲೆಲೆಕ್ಕ ಮಾತ್ರ. ಮೈಸೂರು ಸಂಸ್ಥಾನದಲ್ಲಿ 1871ಕ್ಕೆ 50 ಲಕ್ಷ ಚಿಲ್ಲರೆ ಇದ್ದ ಜನ 1881ಕ್ಕೆ 42 ಲಕ್ಷದ ಹತ್ರ ಇಳಿದಿದ್ರು, ನಡುವೆ ಧಾತು, ಈಶ್ವರ ಸಂವತ್ಸರಗಳ (1876–78) ಬರ. ನಿಮ್ಮ ಮನೇಲಿ ಯಾರು ಹೋದ್ರು, ಯಾರು ಉಳಿದ್ರು ಅಂತ ಸೆನ್ಸಸ್ ವರದಿ ಹೇಳಲ್ಲ.

ಆದ್ರೆ ‘ಬರೀ ಎರಡೆಕರೆ’ ಅಂದಿದ್ದು ನನಗೆ ಬೇಜಾರಾಯ್ತು. ಮಣ್ಣು ಉತ್ತವರ ಕಥೆ ಕಂದಾಯದ ಕಡತದಲ್ಲಿರುತ್ತೆ ಸ್ವಾಮಿ. ಸರ್ವೆ ನಂಬರ್ ಹಿಡ್ಕೊಂಡು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಕೈಬರಹದ ಪಹಣಿ, ಖಾತೆ ಬದಲಾದ ದಾಖಲೆ (ಮ್ಯುಟೇಶನ್) ಕೇಳಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕ್ರಯಪತ್ರ, ಭೋಗ್ಯಪತ್ರ ಹುಡುಕ್ಸಿ, ಮನೆಯವರು ಗೇಣಿ ಮಾಡ್ತಿದ್ರೆ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದ್ಮೇಲೆ ಉಳೋ ಜಮೀನು ನಮ್ಮ ಹೆಸರಿಗೆ ಮಾಡಿ ಅಂತ ಕೊಟ್ಟ ಅರ್ಜಿ, ಫಾರಂ 7 ಇರಬಹುದು. ನಮ್ಮ ತಾತಂದು ನನಗೆ ಸಿಕ್ತು. ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ಗುಮಾಸ್ತರ ಅಕ್ಷರ. ಹೆಬ್ಬೆಟ್ಟಿನ ಗೆರೆಗಳ ಮೇಲೆ ಓರೆಯಾಗಿ ಒಂದು ಬಿಳಿ ಗೀಟು. ಜೆರಾಕ್ಸ್ ತಪ್ಪು ಅಂದ್ಕೊಂಡೆ. ಅಮ್ಮ ನೋಡಿದ ತಕ್ಷಣ ‘ಅದು ಕುಡುಗೋಲು ತಾಗಿದ್ದು ಕಣೋ, ಭತ್ತ ಕುಯ್ಯುವಾಗ’ ಅಂತ ಅಂದವಳು ಆಮೇಲೆ ತುಂಬ ಹೊತ್ತು ಮಾತಾಡ್ಲಿಲ್ಲ.

ಮುತ್ತಜ್ಜಿದು ಇನ್ನೂ ಕಷ್ಟ. ಗಂಡ ತೀರ್ಕೊಂಡು ಜಮೀನು ವಾರಸುದಾರರ ಹೆಸರಿಗೆ ಬರೋ ಪೌತಿ ಖಾತೆ ಆಗೋವರೆಗೂ ಆಕೆ ಕಾಗದದಲ್ಲೇ ಇಲ್ಲ. ಗಂಡಸರಿಗೆ ‘ಬಿನ್’ ಅಂತ ಅಪ್ಪನ ಹೆಸರು, ಆಕೆಗೆ ‘ಕೋಂ’ ಅಂತ ಗಂಡನ ಹೆಸರು, ತವರಿನ ಸುದ್ದಿನೇ ಇಲ್ಲ. ಅದನ್ನ ಹೇಳಿದ್ದು ಹೆಳವರು. ಸುಗ್ಗಿ ಮುಗಿದ್ಮೇಲೆ ಎತ್ತು, ಗಂಟೆ ಜೊತೆ ಬಂದು ಬಾಗಿಲಲ್ಲಿ ನಿಂತು ನಮ್ಮ ವಂಶ ಹೇಳ್ತಾ ಹೇಳ್ತಾ ಆಕೆನ ಬೇಲೂರು ಕಡೆ ಯಾವ ಊರಿಂದ ತಂದಿದ್ದು ಅನ್ನೋದನ್ನೂ ಹೇಳಿಬಿಟ್ರು. ಅವರಿಗೆ ಈಗ ನಾವು ಗೇಟ್ ಕೂಡ ತೆಗೆಯಲ್ಲ, ಭಿಕ್ಷೆಯವರು ಅಂತ ಹತ್ತು ರೂಪಾಯಿ ಕೊಟ್ಟು ಕಳಿಸ್ತೀವಿ.

ಕೆಂಪು ಬಟ್ಟೆ ಗಂಟಲ್ಲಿರೋ ಕಡತಕ್ಕೆ ಮಲೆನಾಡಿನ ಮಳೆ ಸೋರಿ ಗೆದ್ದಲು ಹಿಡಿದಿರೋದನ್ನ ಕಣ್ಣಾರೆ ಕಂಡಿದ್ದೀನಿ, ಮೂರು ಸಲ ‘ಮುಂದಿನ ವಾರ ಬನ್ನಿ’ ಅನ್ನಿಸ್ಕೊಂಡಿದ್ದೀನಿ. ಕಚೇರಿ ಬೈದು ಏನು, ಅಜ್ಜಿ ಟ್ರಂಕಲ್ಲಿದ್ದ ಕಂದಾಯದ ರಸೀದಿ, ಲಗ್ನಪತ್ರಿಕೆ ಎಲ್ಲ ಗುಜರಿಗೆ ಹಾಕಿದವರು ನಾವೇ ಅಲ್ವಾ. ಮಕ್ಕಳಿಗೆ ಹೊಯ್ಸಳ ರಾಜರ ಹೆಸರು ಬಾಯಿಪಾಠ, ಅಜ್ಜಿ ತವರು ಗೊತ್ತಿಲ್ಲ.

ನಿಮ್ಮ ಪತ್ರದಲ್ಲೂ ಮುತ್ತಾತನ ಹೆಸರಿದೆ, ಮುತ್ತಜ್ಜಿದಿಲ್ಲ. ಮನೇಲಿ ಹಿರಿಯರು ಯಾರಿದ್ದಾರೋ ಅವರನ್ನ ಈ ಭಾನುವಾರನೇ ಕೇಳಿ, ಹೆಸರು, ತವರು ಎರಡೂ ಬರೆದು ಕಳಿಸಿ.